ಸೆಲ್ಫ್ ಒತ್ತಿದರೆ ಬರೀ ‘ಟಿಕ್’: ತಮ್ಮನ ಮಗನಿಗೆ ದೊಡ್ಡಪ್ಪನ ಕಿವಿಮಾತು

ಮಗಾ,

ಕಳೆದ ಸೋಮವಾರ ಬೆಳಿಗ್ಗೆ ಆರೂವರೆಗೆ ನೀನು ಕೆರೆ ಏರಿಯ ಹತ್ತಿರ ಗಾಡಿ ನಿಲ್ಲಿಸಿಕೊಂಡು ಸೆಲ್ಫ್ ಒತ್ತುತ್ತಿದ್ದದ್ದು ನನಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗಲೇ ಕೇಳಿಸಿತು. ಮೊದಲು ಜೋರಾಗಿ ತಿರುಗಿತು, ಆಮೇಲೆ ಎಳೆದೆಳೆದು ತಿರುಗಿತು, ಕೊನೆಗೆ ಬರೀ ಟಿಕ್, ಟಿಕ್. ನಾನು ಕರೆದ ಹಾಲು ಒಳಗಿಟ್ಟು ಬರುವಷ್ಟರಲ್ಲಿ ನೀನು ಯಾರದೋ ಗಾಡಿಯ ಹಿಂದೆ ಕೂತು ಹಾಸನಕ್ಕೆ ಹೊರಟಾಗಿತ್ತು. ಸಾಯಂಕಾಲ ನೀನು ಹೊಸ ಬ್ಯಾಟರಿ ತಂದೆ. ಹಳೆಯದನ್ನು ನೀನು ಬಿಚ್ಚುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕಪ್ಪು ವೈರಿನ ಸ್ಕ್ರೂಗೆ ಸ್ಕ್ರೂಡ್ರೈವರೇ ಬೇಕಾಗಲಿಲ್ಲ, ಬೆರಳಲ್ಲೇ ಬಂದುಬಿಟ್ಟಿತು. ನೀನು ಅದನ್ನು ಗಮನಿಸಲಿಲ್ಲ. ಆ ಹಳೆ ಬ್ಯಾಟರಿಯನ್ನು ನಾನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿದೆ. ಎರಡು ದಿನ ಸುಮ್ಮನೆ ಬಿಟ್ಟು ಅಳೆದರೆ 12.7 ವೋಲ್ಟ್. ಅದಕ್ಕೆ ಏನೂ ಆಗಿರಲಿಲ್ಲ ಕಣಪ್ಪ.

ದುಡ್ಡು ಕಳೆದೆ ಎಂದು ಬೈಯಲು ಬರೆಯುತ್ತಿಲ್ಲ. ನಲವತ್ತು ವರ್ಷ ಸ್ಪ್ಯಾನರ್ ಹಿಡಿದವನ ಮನೆ ಹುಡುಗ ಗಾಡಿ ನಿಂತಾಗ ಕೈಚೆಲ್ಲಿ ನಿಲ್ಲಬಾರದು ಎಂದು ಬರೆಯುತ್ತಿದ್ದೇನೆ. ಓದಿ ಸೀಟಿನ ಕೆಳಗೆ ಇಟ್ಟುಕೋ.

• ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದರೆ ಮೊದಲು ಕೈ ತೆಗೆ. ಸೆಲ್ಫ್ ಬಟನ್ ಮೇಲಿಂದ ಹೆಬ್ಬೆರಳು ತೆಗೆದು ಒಂದು ನಿಮಿಷ ಸುಮ್ಮನಿರು. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡ, ಎರಡನೇ ಸಲಕ್ಕೆ ಮೊದಲು ಅರ್ಧ ನಿಮಿಷವಾದರೂ ಬಿಡು. ಗಾಡಿಯಲ್ಲಿ ಸೆಲ್ಫ್ ಮೋಟಾರಿನಷ್ಟು ಕರೆಂಟು ಎಳೆಯುವುದು ಇನ್ನೊಂದಿಲ್ಲ. ಮೂರು ಸಲಕ್ಕೆ ಆಗಲಿಲ್ಲವಾದರೆ ಮೂವತ್ತನೇ ಸಲಕ್ಕೂ ಆಗುವುದಿಲ್ಲ. ಇದ್ದ ಅರೆಬರೆ ಚಾರ್ಜೂ ಹೋಗಿ, ತಳ್ಳಿ ಸ್ಟಾರ್ಟ್ ಮಾಡುವ ದಾರಿಯೂ ಮುಚ್ಚಿಹೋಗುತ್ತದೆ.

• ಬ್ಯಾಟರಿಯ ಮೇಲೆ ಗುಮಾನಿ ಪಡುವ ಮುಂಚೆ ದುಡ್ಡು ಬೇಡದ ಕೆಲಸಗಳನ್ನು ಮುಗಿಸು. ಬಲಗೈ ಹತ್ತಿರದ ಕೆಂಪು ಸ್ವಿಚ್ ಆಫ್ ಆಗಿದೆಯಾ? ಸೈಡ್ ಸ್ಟ್ಯಾಂಡ್ ಎತ್ತಿದ್ದೀಯಾ? ಈಗಿನ ಬಹಳಷ್ಟು ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಏಳುವುದೇ ಇಲ್ಲ. ನ್ಯೂಟ್ರಲ್ ದೀಪ ಬಂತಾ? ಕ್ಲಚ್ ಪೂರ್ತಿ ಹಿಡಿದಿದ್ದೀಯಾ? ಪೆಟ್ರೋಲ್ ಇದೆಯಾ? ಶಾಲೆ ಮಕ್ಕಳು ನಿಂತ ಗಾಡಿ ಮೇಲೆ ಹತ್ತಿ ಆಡಿದರೆ ಅವರ ಕೈ ಮೊದಲು ಹೋಗುವುದು ಆ ಕೆಂಪು ಸ್ವಿಚ್ಚಿಗೇ. ಅದನ್ನು ಆನ್ ಮಾಡಿ ಕೊಟ್ಟದ್ದಕ್ಕೆ ನನಗೆ ಚಹಾ ಕುಡಿಸಿದವರು ಬಹಳ ಮಂದಿ.

• ಆಮೇಲೆ ಕೀ ಆನ್ ಮಾಡಿ ಹಾರನ್ ಒತ್ತು. ನನ್ನ ಪಾಲಿಗೆ ವೈದ್ಯ ನಾಡಿ ಹಿಡಿದಂತೆ ಅದು. ಹಾರನ್ ದಿನದ ಹಾಗೆ ಗಟ್ಟಿಯಾಗಿ ಕೂಗಿದರೆ ಬ್ಯಾಟರಿಯಲ್ಲಿ ಜೀವ ಇದೆ, ತೊಂದರೆ ಬೇರೆ ಕಡೆ. ಗಂಟಲು ಕಟ್ಟಿದ ಹಾಗೆ ಕೂಗಿದರೆ ಚಾರ್ಜ್ ಇಳಿದಿದೆ. ಇಂಡಿಕೇಟರ್ ಹಾಕಿ ನೋಡು: ಮಿನುಗುವ ಬದಲು ಮಂಕಾಗಿ ಉರಿದುಕೊಂಡೇ ಇದ್ದರೂ ಅದೇ ಅರ್ಥ. ಕೀ ಹಾಕಿದರೂ ಮೀಟರ್ ಬೋರ್ಡಿನಲ್ಲಿ ಒಂದು ದೀಪವೂ ಬರಲಿಲ್ಲವಾದರೆ ಫ್ಯೂಸ್ ಹೋಗಿರಬೇಕು, ಇಲ್ಲವೇ ಟರ್ಮಿನಲ್ ಕಳಚಿರಬೇಕು. ಚೆನ್ನಾಗಿದ್ದ ಬ್ಯಾಟರಿ ನಿನ್ನೆಗೂ ಇವತ್ತಿಗೂ ನಡುವೆ ಪೂರ್ತಿ ಬರಿದಾಗುವುದು ಅಪರೂಪ.

• ಟಿಕ್ ಸದ್ದನ್ನು ಕಿವಿಗೊಟ್ಟು ಕೇಳು. ಒಂದೇ ಸಲ ‘ಟಿಕ್’ ಅಂದು, ಹಾರನ್ ಚೆನ್ನಾಗಿದ್ದರೆ ಸೆಲ್ಫ್ ರಿಲೇ, ಇಲ್ಲವೇ ಮೋಟಾರಿನ ಕಾರ್ಬನ್ ನೋಡಿಸಬೇಕು. ‘ಟಿಕ್ ಟಿಕ್ ಟಿಕ್’ ಎಂದು ಬಿಡದೆ ಬಡಿದುಕೊಂಡರೆ ರಿಲೇ ಕರೆಂಟು ಬಿಡುತ್ತಿದೆ, ಮೋಟಾರು ಎಳೆದ ಕೂಡಲೇ ವೋಲ್ಟೇಜ್ ಬಿದ್ದುಹೋಗುತ್ತಿದೆ. ಚಾರ್ಜ್ ಇಲ್ಲ, ಅಥವಾ ಟರ್ಮಿನಲ್ ಸಡಿಲ. ಏನೂ ಸದ್ದೇ ಇಲ್ಲ, ದೀಪವೆಲ್ಲ ಚೆನ್ನಾಗಿ ಉರಿಯುತ್ತಿವೆ ಅಂದರೆ ಸೆಲ್ಫ್ ಬಟನ್ನಿನಲ್ಲೋ ಕ್ಲಚ್ ಸ್ವಿಚ್ಚಿನಲ್ಲೋ ಧೂಳು ತುಂಬಿದೆ. ಸೆಲ್ಫ್ ಗರಗರ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತಲಿಲ್ಲವಾದರೆ ಬ್ಯಾಟರಿಯನ್ನು ಮುಟ್ಟಬೇಡ. ಪ್ಲಗ್ಗು, ಪೆಟ್ರೋಲು ನೋಡು.

• ಟರ್ಮಿನಲ್ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ನೀನು ಎಡವಿದ್ದು ಅಲ್ಲೇ. ಬ್ಯಾಟರಿಯ ಎರಡು ಕಿವಿಗಳಿಗೆ ಒಂದೊಂದು ವೈರ್ ಸ್ಕ್ರೂನಲ್ಲಿ ಕೂತಿರುತ್ತದೆ. ನಮ್ಮ ಹಳ್ಳಿ ರಸ್ತೆಯ ಕುಲುಕಾಟಕ್ಕೆ ಆ ಸ್ಕ್ರೂ ವರ್ಷದೊಳಗೆ ಸಡಿಲವಾಗುತ್ತದೆ. ಸಡಿಲವಾದರೂ ಹಾರನ್ ಕೂಗುತ್ತದೆ, ದೀಪ ಉರಿಯುತ್ತದೆ, ಅವಕ್ಕೆ ಬೇಕಾದ್ದು ಸ್ವಲ್ಪವೇ ಕರೆಂಟು. ಸೆಲ್ಫಿಗೆ ಮಾತ್ರ ಸಾಲದು. ಕೆರೆ ತುಂಬ ನೀರಿದ್ದರೂ ಕಿರಿದಾದ ತೂಬಿನಲ್ಲಿ ಗದ್ದೆಗೆ ಸಣ್ಣ ಧಾರೆಯಷ್ಟೇ ಬರುವುದಿಲ್ಲವೇ, ಹಾಗೆ. ಅಷ್ಟೇ ಅಲ್ಲ, ಗಾಡಿ ಓಡುವಾಗ ಬ್ಯಾಟರಿಗೆ ವಾಪಸ್ ಬರಬೇಕಾದ ಚಾರ್ಜೂ ಅದೇ ಸಡಿಲ ಕಿವಿಯಲ್ಲೇ ಬರಬೇಕು. ಹಾಗಾಗಿ ಒಳ್ಳೆಯ ಬ್ಯಾಟರಿ ಕೂಡ ಹಸಿದುಕೊಂಡೇ ಇರುತ್ತದೆ.

ಕೀ ಆಫ್ ಮಾಡು. ಬಿಚ್ಚುವಾಗ ಕಪ್ಪು ಮೊದಲು, ಕೆಂಪು ಆಮೇಲೆ. ಹಾಕುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ಇದನ್ನು ಉಲ್ಟಾ ಮಾಡಬೇಡ. ಗಾಡಿಯ ಚಾಸಿಯೆಲ್ಲ ಕಪ್ಪು ವೈರಿಗೆ ಸೇರಿದ್ದು. ಕಪ್ಪು ಇನ್ನೂ ಹಾಕಿದ್ದಾಗ ಕೆಂಪಿನ ಮೇಲಿಟ್ಟ ಸ್ಪ್ಯಾನರ್ ಚಾಸಿಗೆ ತಾಗಿದರೆ ಕಿಡಿ ಹಾರುತ್ತದೆ, ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಕಿವಿಯ ಮೇಲೆ ಬಿಳಿಯೋ ಹಸಿರೋ ಪುಡಿ ಹತ್ತಿದ್ದರೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕು. ನೊರೆ ಬರುತ್ತದೆ, ಬರಲಿ. ಸೋಡಾ ನೀರು ಬ್ಯಾಟರಿಯ ಬಾಯೊಳಗೆ ಹೋಗದಂತೆ ನೋಡಿಕೋ. ಒಣಬಟ್ಟೆಯಲ್ಲಿ ಒರೆಸಿ, ಎಮರಿ ಪೇಪರಿನಲ್ಲಿ ಸೀಸ ಹೊಳೆಯುವ ತನಕ ಉಜ್ಜಿ, ಸ್ಕ್ರೂ ಬಿಗಿ ಮಾಡು. ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರು, ಮೊದಲೇ ಅಲ್ಲ. ಕಪ್ಪು ವೈರಿನ ಇನ್ನೊಂದು ತುದಿ ಚಾಸಿಗೋ ಎಂಜಿನ್ನಿಗೋ ಕೂತಿರುತ್ತದೆ. ಅಲ್ಲೂ ತುಕ್ಕು ಹಿಡಿದಿರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ನೀನು ನೋಡು.

• ಫ್ಯೂಸ್ ಹೋದರೆ ಅದೇ ಆಂಪಿಯರಿನ ಫ್ಯೂಸನ್ನೇ ಹಾಕು. 10 ಇದ್ದ ಕಡೆ 10, 15 ಇದ್ದ ಕಡೆ 15. ಬಹಳಷ್ಟು ಗಾಡಿಗಳಲ್ಲಿ ಫ್ಯೂಸ್ ಡಬ್ಬಿಯಲ್ಲೇ ಒಂದು ಸ್ಪೇರ್ ಇಟ್ಟಿರುತ್ತಾರೆ. ಪಂಪ್‌ಸೆಟ್ಟಿನ ಫ್ಯೂಸಿಗೆ ತಂತಿ ಸುತ್ತುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ಅದೇ ಕೈ ಗಾಡಿಗೂ ಬರುತ್ತದೆ. ತಾಮ್ರದ ಎಳೆ ಸುತ್ತಿ ಹೊರಟ ಒಂದು ಗಾಡಿಯನ್ನು ನನ್ನ ಶೆಡ್ಡಿಗೆ ತಂದಿದ್ದರು. ಟ್ಯಾಂಕ್ ಎತ್ತಿದರೆ ಕೆಳಗೆ ವೈರುಗಳ ಪ್ಲಾಸ್ಟಿಕ್ಕೆಲ್ಲ ಕರಗಿ ಒಂದೇ ಕರೀ ಹಗ್ಗವಾಗಿ ಕೂತಿತ್ತು. ಟ್ಯಾಂಕಿಗೆ ಬೆಂಕಿ ಹತ್ತಲಿಲ್ಲ ಎನ್ನುವುದೇ ಆ ಮನೆಯವರ ಪುಣ್ಯ. ಹೊಸದು ಹಾಕಿದ ಕೂಡಲೇ ಮತ್ತೆ ಹೋಯಿತು ಅಂದರೆ ಎಲ್ಲೋ ಶಾರ್ಟ್ ಇದೆ, ನಿಲ್ಲಿಸಿ ಮೆಕ್ಯಾನಿಕ್ಕಿಗೆ ತೋರಿಸು.

• ಒಂದು ಮಲ್ಟಿಮೀಟರ್ ತಗೋ. ಹಾಸನದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಒಂದು ಟಿ-ಶರ್ಟಿನ ಬೆಲೆ. ಮುಳ್ಳನ್ನು ಡಿಸಿ 20ಕ್ಕೆ ತಿರುಗಿಸಿ, ಕೆಂಪು ಕಡ್ಡಿ ಕೆಂಪು ಕಿವಿಗೆ, ಕಪ್ಪು ಕಪ್ಪಿಗೆ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಅಳೆ. ಓಡಿಸಿ ಬಂದ ಕೂಡಲೇ ಅಳೆದರೆ ಅದು ಮೇಲುಮೇಲಿನ ಚಾರ್ಜು ತೋರಿಸಿ ಸುಳ್ಳು ಹೇಳುತ್ತದೆ.

12.6ರಿಂದ 12.8 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಬಂದರೆ ಅವತ್ತೇ ಚಾರ್ಜಿಗೆ ಹಾಕು. 10.5ರ ಹತ್ತಿರ ಬಂದು ಅಲ್ಲೇ ನಿಂತು, ಚಾರ್ಜ್ ಮಾಡಿದರೂ ಏರಲಿಲ್ಲವಾದರೆ ಒಳಗೆ ಒಂದು ಸೆಲ್ ಸತ್ತಿದೆ. 12 ವೋಲ್ಟಿನ ಬ್ಯಾಟರಿಯೊಳಗೆ ಆರು ಮನೆ, ಒಂದೊಂದು ಮನೆಗೆ 2.1 ವೋಲ್ಟ್. ಒಂದು ಮನೆ ಹೋದರೆ ಲೆಕ್ಕ ಸರಿಯಾಗಿ ಅಲ್ಲಿಗೇ ಬರುತ್ತದೆ. ಆಗ ಹೊಸದು ತರಲೇಬೇಕು, ಯಾರೂ ರಿಪೇರಿ ಮಾಡಲಾರರು.

ಕಡ್ಡಿಗಳನ್ನು ಹಾಗೇ ಹಿಡಿದು ಸೆಲ್ಫ್ ಒತ್ತಿಸು. ವೋಲ್ಟೇಜ್ ಇಳಿದು 10ರ ಆಸುಪಾಸಿನಲ್ಲಿ ನಿಂತರೆ ಬ್ಯಾಟರಿ ಗಟ್ಟಿ. 9ಕ್ಕಿಂತ ಕೆಳಗೆ ಧಡಕ್ಕನೆ ಬಿದ್ದರೆ ಹೊರಗೆ 12.6 ತೋರಿಸಿದರೂ ಒಳಗೆ ಸೋತಿದೆ. ಕೊನೆಗೆ ಗಾಡಿ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ಅಳೆ: 13.8ರಿಂದ 14.5ರ ಒಳಗಿರಬೇಕು. 12.6ರಿಂದ ಏರಲೇ ಇಲ್ಲವಾದರೆ ಮ್ಯಾಗ್ನೆಟ್ ಕಾಯಿಲ್ಲೋ ರೆಗ್ಯುಲೇಟರೋ ಚಾರ್ಜ್ ಕೊಡುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ಬಿಟ್ಟಿದೆ. ಬಲ್ಬು ಪದೇ ಪದೇ ಹೋಗುವುದು, ಬ್ಯಾಟರಿ ನೀರು ಬೇಗ ಬತ್ತುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು, ಎಲ್ಲ ಇದರ ಗುರುತು. ಇದನ್ನು ನೋಡದೆ ಎರಡು ವರ್ಷದಲ್ಲಿ ಮೂರು ಬ್ಯಾಟರಿ ಬದಲಿಸಿದವರನ್ನು ನಾನು ಬಲ್ಲೆ. ಮೂರೂ ಬ್ಯಾಟರಿ ಒಳ್ಳೆಯವೇ ಆಗಿದ್ದವು.

• ಹಳೆ ಗಾಡಿಗೂ ನಿನ್ನ ಗಾಡಿಗೂ ಇರುವ ವ್ಯತ್ಯಾಸ ತಿಳಿದುಕೋ. 1985ರಲ್ಲಿ ಬಂದ ಆರ್‌ಎಕ್ಸ್ 100 ಬ್ಯಾಟರಿ ಪೂರ್ತಿ ಸತ್ತಿದ್ದರೂ ಕಿಕ್ ಹೊಡೆದರೆ ಓಡುತ್ತಿತ್ತು. ಅದರ ಕಿಡಿ ಮ್ಯಾಗ್ನೆಟ್ಟಿನಿಂದಲೇ ಹುಟ್ಟುತ್ತಿತ್ತು, ಬ್ಯಾಟರಿ ಏನಿದ್ದರೂ ಹಾರನ್ನು, ಇಂಡಿಕೇಟರು, ಬ್ರೇಕ್ ದೀಪಕ್ಕೆ. ಅದಕ್ಕೇ ನಿನ್ನ ಅಪ್ಪನ ವಯಸ್ಸಿನವರು ಬ್ಯಾಟರಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಅವರ ಮಾತು ನಿನ್ನ ಗಾಡಿಗೆ ನಡೆಯುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೆಚ್ಚುಕಡಿಮೆ ಎಲ್ಲ ಪೆಟ್ರೋಲ್ ಗಾಡಿಗೂ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂತು. ಕೀ ಆನ್ ಮಾಡಿದಾಗ ಟ್ಯಾಂಕಿನ ಒಳಗಿಂದ ಎರಡು ಮೂರು ಸೆಕೆಂಡು ‘ಗುಂಯ್’ ಅನ್ನುತ್ತದಲ್ಲ, ಅದು ಪಂಪ್ ಪೆಟ್ರೋಲನ್ನು ಒತ್ತಿ ಕೊಡುವ ಸದ್ದು. ಆ ಸದ್ದು ನಿಂತ ಮೇಲೆ ಸೆಲ್ಫ್ ಒತ್ತು. ಆ ಸದ್ದೇ ಬರಲಿಲ್ಲವಾದರೆ ಪಂಪಿಗೆ ಕರೆಂಟಿಲ್ಲ. ಆಗ ನೀನು ಎಷ್ಟು ತಳ್ಳಿದರೂ ಎಂಜಿನ್ನಿಗೆ ಪೆಟ್ರೋಲ್ ಹೋಗದು. ಇನ್ನು 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆಲ್ಲ ಹಗಲೂ ಹೆಡ್‌ಲೈಟ್ ಉರಿಯುವ ನಿಯಮ ಬಂದಿದೆ, ಆ ಭಾರವೂ ಇದೆ.

• ತಳ್ಳಿ ಸ್ಟಾರ್ಟ್ ಮಾಡುವುದಾದರೆ: ಕೀ ಆನ್, ಎರಡನೇ ಗೇರ್, ಕ್ಲಚ್ ಪೂರ್ತಿ ಹಿಡಿ. ಹಿಂದಿನಿಂದ ಇಬ್ಬರು ತಳ್ಳಲಿ. ವೇಗ ಬಂದ ಮೇಲೆ ಸೀಟಿನ ಮೇಲೆ ಭಾರ ಹಾಕಿ ಕ್ಲಚ್ ಬಿಟ್ಟು, ಹತ್ತಿದ ಕೂಡಲೇ ಮತ್ತೆ ಹಿಡಿ. ಒಂದನೇ ಗೇರಿನಲ್ಲಿ ಹಿಂದಿನ ಚಕ್ರ ಕಚ್ಚಿ ಜಾರುತ್ತದೆ, ಬೇಡ. ನಮ್ಮೂರಲ್ಲಿ ಇಳಿಜಾರಿಗೇನೂ ಕೊರತೆಯಿಲ್ಲ. ಆದರೆ ಕೆರೆ ಕಡೆಗೆ ಇಳಿಯುವ ದಾರಿಯಲ್ಲಿ ಮಾತ್ರ ಈ ಕೆಲಸ ಮಾಡಬೇಡ, ಬೇಲೂರು ರಸ್ತೆಯ ಮೇಲಂತೂ ಕೂಡದು. ಆ ರಸ್ತೆಯಲ್ಲಿ ಬಸ್ಸುಗಳು ಬರುವ ವೇಗ ನಿನಗೇ ಗೊತ್ತು. ಗೇರಿಲ್ಲದ ಸ್ಕೂಟರಿಗೆ ತಳ್ಳುವ ಆಟ ನಡೆಯುವುದೇ ಇಲ್ಲ. ಕಿಕ್ಕರ್ ಇದ್ದರೆ ಕಿಕ್ ಹೊಡಿ.

• ಇನ್ನೊಂದು ಗಾಡಿಯಿಂದ ಕರೆಂಟು ಕೊಡುವುದಾದರೆ ಎರಡೂ 12 ವೋಲ್ಟೇ ಆಗಿರಬೇಕು. ಹಳೆ ಜಾವಾಗಳಲ್ಲಿ 6 ವೋಲ್ಟ್ ಇರುತ್ತಿತ್ತು, ಅವನ್ನು ಬೆರೆಸಬೇಡ. ಕೆಂಪಿಗೆ ಕೆಂಪು ಮೊದಲು. ಆಮೇಲೆ ಕಪ್ಪು ವೈರನ್ನು ಒಳ್ಳೆ ಬ್ಯಾಟರಿಯ ಕಪ್ಪಿಗೆ ಹಾಕಿ, ಇನ್ನೊಂದು ತುದಿಯನ್ನು ನಿಂತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿ. ಬ್ಯಾಟರಿಯ ಹತ್ತಿರ ಕಿಡಿ ಹಾರಬಾರದು, ಅದಕ್ಕೇ ಈ ಉಪಾಯ. ಕಾರಿನಿಂದ ಕೊಡುವಾಗ ಕಾರಿನ ಎಂಜಿನ್ ಆಫ್ ಇರಲಿ. ಮನೆ ವೈರಿಂಗಿನ ಸಣ್ಣ ವೈರ್ ತಂದು ಹಚ್ಚಿದರೆ ಅದು ಕೈಯಲ್ಲೇ ಕರಗುತ್ತದೆ, ದಪ್ಪ ವೈರೇ ಬೇಕು.

• ಬೀಡಿ, ಸಿಗರೇಟು, ಬೆಂಕಿಕಡ್ಡಿ ಬ್ಯಾಟರಿಯ ಹತ್ತಿರ ಬೇಡ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಒಂದು ಕಿಡಿ ಸಾಕು. ಚಾರ್ಜಿಗೆ ಹಾಕುವುದನ್ನು ಗಾಳಿಯಾಡುವ ಜಗಲಿಯಲ್ಲಿ ಮಾಡು, ಅಡುಗೆಮನೆಯಲ್ಲಿ ಅಲ್ಲ. ಆ್ಯಸಿಡ್ ಕಣ್ಣಿಗೆ ಹಾರಿದರೆ ಏನೂ ಯೋಚಿಸದೆ ಕಾಲು ಗಂಟೆಯಾದರೂ ಧಾರಾಳ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡು. ಬಟ್ಟೆಗೆ ಬಿದ್ದದ್ದು ಆಗ ಕಾಣುವುದಿಲ್ಲ. ಒಗೆದು ಹಿಂಡಿದಾಗ ಜರಡಿಯಂತೆ ತೂತಾಗಿರುತ್ತದೆ. ನನ್ನ ಪಂಚೆಗಳನ್ನು ನಿನ್ನ ದೊಡ್ಡಮ್ಮ ಹಾಗೆ ಎತ್ತಿ ಹಿಡಿದು ತೋರಿಸುತ್ತಿದ್ದಳು.

• ನೀರು ಹಾಕುವ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ನೋಡು. ಎರಡು ಗೆರೆಗಳ ನಡುವೆ ನೀರಿರಬೇಕು. ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನ ಗಡಸು ನಮ್ಮ ಹಂಡೆಯ ತಳ ನೋಡಿದರೇ ತಿಳಿಯುತ್ತದೆ, ಆ ಸುಣ್ಣ ಬ್ಯಾಟರಿಯ ಪ್ಲೇಟಿಗೆ ಹೋಗಬಾರದು. ಆ್ಯಸಿಡ್ ಹಾಕುವುದು ಹೊಸದರಲ್ಲಿ ಒಂದೇ ಸಲ. ಆಮೇಲೆ ಆವಿಯಾಗುವುದು ನೀರು, ಆದ್ದರಿಂದ ತುಂಬಬೇಕಾದ್ದೂ ನೀರೇ. ಚಾರ್ಜಿಗೆ ಹಾಕುವ ಮುಂಚೆ ಪ್ಲೇಟು ಮುಳುಗುವಷ್ಟು ಹಾಕಿ, ಚಾರ್ಜ್ ಆದ ಮೇಲೆ ಮೇಲಿನ ಗೆರೆಯ ತನಕ ತುಂಬು. ಪಕ್ಕದಲ್ಲಿ ಸಣ್ಣ ರಬ್ಬರ್ ಪೈಪ್ ಇಳಿದಿರುತ್ತದೆ, ಅದು ಮಡಚಿಕೊಳ್ಳದಂತೆ, ಚೈನಿನ ಮೇಲೆ ತೊಟ್ಟಿಕ್ಕದಂತೆ ಕೆಳಕ್ಕೆ ಬಿಡು. ನಿನ್ನದು ಸೀಲ್ ಆದ ಬ್ಯಾಟರಿ, ಅದನ್ನು ಮೀಟಿ ತೆಗೆಯುವ ಗೋಜಿಗೆ ಹೋಗಬೇಡ.

• ಹಾಲಿನ ಡೇರಿಗೆ ಗಾಡಿ ಹತ್ತುತ್ತೀಯಲ್ಲ, ಅದರ ಬಗ್ಗೆ ಹೇಳಲೇಬೇಕು. ಮನೆಯಿಂದ ಡೇರಿಗೆ ಅರ್ಧ ಕಿಲೋಮೀಟರ್ ಇಲ್ಲ. ಬೆಳಿಗ್ಗೆ ಹೋಗಲು ಒಂದು ಸೆಲ್ಫ್, ಬರಲು ಒಂದು, ಸಂಜೆ ಮತ್ತೆ ಎರಡು. ಒಂದೊಂದು ಸೆಲ್ಫಿಗೂ ಹೋದ ಚಾರ್ಜು ವಾಪಸ್ ತುಂಬಲು ಗಾಡಿ ಒಂದಷ್ಟು ದೂರ ಒಂದೇ ಸಮ ಓಡಬೇಕು. ನೀನು ದಿನವೂ ನಾಲ್ಕು ಚೆಂಬು ಮೊಗೆದು ಒಂದು ಚೆಂಬು ಹುಯ್ಯುತ್ತಿದ್ದೀಯ. ನಮ್ಮೂರು, ಹಗರೆ ಕಡೆಯಲ್ಲೆಲ್ಲ ಗಾಡಿಗಳ ಬ್ಯಾಟರಿ ಪಟ್ಟಣದವಕ್ಕಿಂತ ಬೇಗ ಸೋಲುವುದಕ್ಕೆ ಇದೇ ದೊಡ್ಡ ಕಾರಣ ಎಂದು ನನ್ನ ಅನುಭವ. ಡೇರಿಗೆ ಹೋಗುವಾಗ ಕಿಕ್ ಹೊಡಿ, ಕಿಕ್ಕರ್ ಕೊಟ್ಟಿರುವುದೇ ಅದಕ್ಕೆ. ವಾರಕ್ಕೊಮ್ಮೆ ಹಾಸನದವರೆಗೆ ಓಡಿಸಿ ಬಾ. ಸುಮಾರು 16 ಕಿಲೋಮೀಟರ್ ಹೋಗಿ ಬರುವಷ್ಟರಲ್ಲಿ ಬ್ಯಾಟರಿ ಚೇತರಿಸಿಕೊಳ್ಳುತ್ತದೆ.

• ಹಾಲಿನ ಕ್ಯಾನಿಗೆ ಕ್ಯಾರಿಯರ್ ವೆಲ್ಡಿಂಗ್ ಮಾಡಿಸುವ ದಿನ ಬ್ಯಾಟರಿಯ ಎರಡೂ ವೈರ್ ಬಿಚ್ಚಿಸು. ಗಾಡಿಯ ಮೇಲಿಟ್ಟೇ ಆರ್ಕ್ ಹೊಡೆದರೆ ಆ ಕರೆಂಟು ಚಾಸಿಯಲ್ಲಿ ಹರಿದು ಎಂಜಿನ್ ನಿಯಂತ್ರಿಸುವ ಇಸಿಯು ಸುಟ್ಟುಹೋಗಬಹುದು. ಸಾಧ್ಯವಾದರೆ ಕ್ಯಾರಿಯರನ್ನು ಬಿಚ್ಚಿ ಕೆಳಗಿಟ್ಟೇ ವೆಲ್ಡ್ ಮಾಡಲಿ.

• ಮಾಗಿಯ ಚಳಿಯಲ್ಲಿ ಬ್ಯಾಟರಿಗೂ ಮೈ ಜಡ. ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫಿಗೆ ಭಾರ ಹೆಚ್ಚುತ್ತದೆ. ಡಿಸೆಂಬರ್, ಜನವರಿ ಬೆಳಗಿನಲ್ಲಿ ಮಂಜು ಕವಿದಾಗ ಗಾಡಿಯನ್ನು ಅಂಗಳದಲ್ಲಿ ಬಿಡದೆ ಒಳಗೆ ನಿಲ್ಲಿಸು. ಆದರೆ ಹುಲ್ಲಿನ ಮೆದೆಯ ಪಕ್ಕ ಬೇಡ. ಇಲಿಗಳು ವೈರ್ ಕಡಿಯುತ್ತವೆ, ಕಡಿದ ವೈರ್ ಚಾಸಿಗೆ ತಾಗಿ ರಾತ್ರಿಯೆಲ್ಲ ಚಾರ್ಜ್ ಸೋರುತ್ತದೆ.

• ಸೋರಿಕೆಗೆ ಇನ್ನೊಂದು ಕಾರಣ ನೀವು ಹುಡುಗರೇ ಹಾಕಿಸುವ ಸಾಮಾನು: ಎರಡು ಫಾಗ್ ಲೈಟು, ಮೊಬೈಲ್ ಚಾರ್ಜರು, ಅಲಾರ್ಮು. ಕೀ ಆಫ್ ಮಾಡಿದರೂ ಅವು ನೇರ ಬ್ಯಾಟರಿಯಿಂದ ಕುಡಿಯುತ್ತಿರುತ್ತವೆ. ಹಾಕಿಸಲೇಬೇಕಾದರೆ ಕೀ ದಾಟಿ ಬರುವ ಲೈನಿನಿಂದ, ರಿಲೇ ಮತ್ತು ಫ್ಯೂಸ್ ಇಟ್ಟು ಹಾಕಿಸು.

• ಕೆಂಪು ಸ್ವಿಚ್ಚಿನಲ್ಲಿ ಎಂಜಿನ್ ನಿಲ್ಲಿಸುವ ಚಾಳಿ ಬಿಡು. ನಮ್ಮ ಲಕ್ಷ್ಮೀದೇವಿ ಗುಡಿ ನೋಡಲು ಬೆಂಗಳೂರಿನಿಂದ ಗಾಡಿಯಲ್ಲಿ ಬರುವವರಲ್ಲಿ ಇದನ್ನು ಬಹಳ ನೋಡಿದ್ದೇನೆ. ಸ್ವಿಚ್ ಆಫ್ ಮಾಡಿ ಇಳಿಯುತ್ತಾರೆ, ಕೀ ಆನ್‌ನಲ್ಲೇ ಮರೆಯುತ್ತಾರೆ. 1113–14ರಲ್ಲಿ ವ್ಯಾಪಾರಿ ಕುಲ್ಲಹಣ ರಾಹುತ, ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಗುಡಿ ಅದು. ನಾಲ್ಕು ಗರ್ಭಗುಡಿ, ಬಾಗಿಲ ಹತ್ತಿರದ ಬೇತಾಳಗಳು, ಕೆರೆ, ಎಲ್ಲ ನೋಡಿ ಹೊರಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ. ಅಷ್ಟು ಹೊತ್ತೂ ದೀಪ ಉರಿದು ಬ್ಯಾಟರಿ ಬರಿದಾಗಿರುತ್ತದೆ. ಅಂಥವರು ಕಂಡರೆ ನಿಂತು ಸಹಾಯ ಮಾಡು. ದೂರದಿಂದ ಬಂದವರು, ಇಲ್ಲಿ ಅವರಿಗೆ ಯಾರೂ ಇಲ್ಲ.

• ತಿಂಗಳುಗಟ್ಟಲೆ ಊರಲ್ಲೇ ಬಿಟ್ಟುಹೋಗುವ ಗಾಡಿಗೆ ಹೋಗುವ ದಿನವೇ ಕಪ್ಪು ವೈರ್ ಬಿಚ್ಚಿಡು. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಬೆಂಗಳೂರಿನಿಂದ ಬರುವ ನಮ್ಮೂರ ಹುಡುಗರು ಗೋಣಿಚೀಲ ತೆಗೆದು ಸೆಲ್ಫ್ ಒತ್ತುತ್ತಾರೆ, ಹೋದ ವರ್ಷ ಬಿಟ್ಟದ್ದು ಹಾಗೇ ಇರುತ್ತದೆಯೇ? ಖಾಲಿಯಾಗಿ ಕೂತ ಬ್ಯಾಟರಿಯ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಸುಣ್ಣದ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಸುಣ್ಣ ಕಲ್ಲಾಗುವ ಹಾಗೆ. ವಾರದೊಳಗೆ ಚಾರ್ಜಿಗೆ ಹಾಕಿದರೆ ಕರಗುತ್ತದೆ, ಆರು ತಿಂಗಳು ಬಿಟ್ಟರೆ ಕರಗುವುದಿಲ್ಲ. ಯಾರಾದರೂ ಮನೆಯಲ್ಲಿದ್ದರೆ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಲು ಹೇಳಿ ಹೋಗು.

• ಚಾರ್ಜ್ ನಿಧಾನವಾಗಿ ಮಾಡು. ಬ್ಯಾಟರಿಯ ಮೇಲೆ 5 ಎಎಚ್ ಎಂದಿದ್ದರೆ ಅದರ ಹತ್ತನೇ ಒಂದು ಭಾಗ, ಅಂದರೆ ಅರ್ಧ ಆಂಪಿಯರ್. ಟ್ರ್ಯಾಕ್ಟರಿನ ಬ್ಯಾಟರಿ ಚಾರ್ಜ್ ಮಾಡುವ ದೊಡ್ಡ ಚಾರ್ಜರಿಗೆ ಸಿಕ್ಕಿಸಿ ಒಂದು ಗಂಟೆಯಲ್ಲಿ ಕೊಡಿ ಅಂದರೆ ಒಳಗಿನ ಪ್ಲೇಟು ಬಾಗುತ್ತದೆ. ಹೊಸ ಬ್ಯಾಟರಿಗೆ ಆ್ಯಸಿಡ್ ತುಂಬಿಸಿದ ಮೇಲೆ ಅರ್ಧ ಗಂಟೆ ಬಿಟ್ಟು, ಮೊದಲ ಚಾರ್ಜನ್ನೂ ಹೀಗೇ ಕೊಡಿಸು. ಅವಸರಕ್ಕೆ ಹಾಗೇ ಹಾಕಿಸಿಕೊಂಡು ಬಂದದ್ದು ಮೊದಲ ದಿನದಿಂದಲೇ ಅರೆಹೊಟ್ಟೆಯಲ್ಲಿರುತ್ತದೆ. ಕೊಳ್ಳುವಾಗ ತಯಾರಾದ ತಿಂಗಳು ನೋಡು, ವಾರಂಟಿ ಕಾರ್ಡಿಗೆ ಸೀಲು ಹಾಕಿಸು.

• ನಿಜವಾಗಿ ಸತ್ತ ಬ್ಯಾಟರಿಯನ್ನು ಅಂಗಡಿಗೇ ವಾಪಸ್ ಕೊಡು, ಹೊಸದರ ಬೆಲೆಯಲ್ಲಿ ಅದರ ದುಡ್ಡು ಕಳೆಯುತ್ತಾರೆ. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಮಾಡಿದ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿಯಲ್ಲಿ ಇದ್ದದ್ದೂ ಸೀಸವೇ, ಇವತ್ತಿನದರಲ್ಲಿ ಇರುವುದೂ ಸೀಸವೇ, ಅದನ್ನು ಕರಗಿಸಿ ಮತ್ತೆ ಬಳಸುತ್ತಾರೆ. ಒಡೆದು ಬೀಸುಬಲೆಗೆ ಗುಂಡು ಮಾಡಿಕೊಳ್ಳುವವರಿಗೆ ಕೊಡಬೇಡ. ಒಲೆಯಲ್ಲಿ ಸೀಸ ಕರಗಿಸಿದ ಹೊಗೆ ಮಕ್ಕಳ ತಲೆಗೆ ವಿಷ. ಆ್ಯಸಿಡನ್ನು ತಿಪ್ಪೆಗೋ ಕೆರೆಗೋ ಚೆಲ್ಲುವುದು ಪಾಪದ ಕೆಲಸ, ಆ ಕೆರೆಯ ನೀರನ್ನು ನಮ್ಮ ದನಗಳೇ ಕುಡಿಯುತ್ತವೆ.

• ಕೊನೆಯದೊಂದು, ಇದನ್ನು ಯಾರಿಗೂ ಹೇಳಿರಲಿಲ್ಲ. ನೀನು ಹುಟ್ಟುವ ಮುಂಚೆ ನನ್ನ ಹತ್ತಿರ ಹಳೆ ಜಾವಾ ಇತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಗಾಡಿ, ನನ್ನ ಪ್ರಾಣ. ಅದರ ಕಿಡಿಗೆ ಬ್ಯಾಟರಿ ಬೇಕಿತ್ತು. ಒಂದು ವಾರದಿಂದ ಹಾರನ್ ಸಣ್ಣಗೆ ಕೂಗುತ್ತಿತ್ತು. ಊರವರ ಗಾಡಿಯನ್ನೆಲ್ಲ ನೋಡುವ ನಾನು, ನನ್ನದನ್ನು ನಾಳೆ ನೋಡಿದರಾಯಿತು ಎಂದು ಬಿಟ್ಟಿದ್ದೆ. ಆಷಾಢದ ಮಳೆ, ರಾತ್ರಿ ಎರಡು ಗಂಟೆ, ನಿನ್ನ ಅತ್ತೆಗೆ ಹೆರಿಗೆ ನೋವು ಶುರುವಾಯಿತು. ಮೇನ್ ರೋಡಿಗೆ ಹೋಗಿ ಜೀಪ್ ಕರೆತರಬೇಕು. ನಾನು ಕಿಕ್ ಹೊಡೆದೆ, ಹೊಡೆದೆ, ಕಾಲಿನ ಹಿಮ್ಮಡಿ ಸುಲಿದುಹೋಯಿತು. ಕಿಡಿಯೇ ಇಲ್ಲ. ಒಳಗೆ ಅವಳು ಕೂಗುತ್ತಿದ್ದಳು. ಗಾಡಿ ಬಿಟ್ಟು ಕತ್ತಲಲ್ಲಿ ಕೆಸರು ತುಳಿದುಕೊಂಡು ಓಡಿದೆ. ಜೀಪಿನ ಜೊತೆ ವಾಪಸ್ ಬರುವಷ್ಟರಲ್ಲಿ ಕೇರಿಯ ಸೂಲಗಿತ್ತಿ ಅಜ್ಜಿ ಮಗುವನ್ನು ಹಳೆ ಸೀರೆಯಲ್ಲಿ ಸುತ್ತಿ ಹಿಡಿದಿದ್ದಳು. ತಾಯಿ ಮಗು ಇಬ್ಬರೂ ಉಳಿದರು. ನಿನ್ನ ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಹಾರನ್ ಸಣ್ಣಗಾದರೆ ಅದೇ ದಿನ ಸಂಜೆ ಸೀಟು ಎತ್ತು, ಮಗಾ. ಮಾರನೇ ದಿನಕ್ಕೆ ಇಡಬೇಡ.

ನನ್ನ ಚಾರ್ಜರ್ ನಡುಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದೆ, ಸಣ್ಣ ಚಾರ್ಜರು, ನಿನ್ನ ಗಾಡಿಗೆ ಸರಿಹೋಗುತ್ತದೆ. ಕೆಂಪು ಕ್ಲಿಪ್ಪಿನ ಸ್ಪ್ರಿಂಗ್ ಸ್ವಲ್ಪ ಸಡಿಲ, ಬಟ್ಟೆ ಕ್ಲಿಪ್ ಒಂದನ್ನು ಜೊತೆಗೆ ಹಾಕಿಕೋ. ನೀನು ಬಿಟ್ಟುಹೋದ ಹಳೆ ಬ್ಯಾಟರಿಯನ್ನು ನಿನ್ನ ಅಪ್ಪನ ಗಾಡಿಗೆ ಹಾಕಿದ್ದೇನೆ, ಎರಡಕ್ಕೂ ಒಂದೇ ಸೈಜು. ಇವತ್ತು ಬೆಳಿಗ್ಗೆ ಅವನು ಹಾರನ್ ಹೊಡೆದದ್ದು ಡೇರಿಯ ತನಕ ಕೇಳಿಸಿತಂತೆ.